ಕೋಟಿ ಎಣಿಸುವ ಮುನ್ನ ಕಲ್ಲು ನೋಡಿ

ಬೆಂಗಳೂರಿನ ಚಿಕ್ಕಲಸಂದ್ರದ ಯಾವುದೋ ಸೈಟಿನಲ್ಲಿ ಪಾಯ ತೋಡುವಾಗ ಕಪ್ಪನೆಯ, ಭಾರದ ಕಲ್ಲೊಂದು ಸಿಕ್ಕಿತೆಂದು, ಅದು ಉಲ್ಕಾಶಿಲೆಯೇ ಎಂದುಕೊಂಡು ಕೋಟಿಯ ಲೆಕ್ಕಕ್ಕೆ ಇಳಿಯುವುದು ಬೇಡ. 2025ರ ಜುಲೈಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 24.67 ಕಿಲೋ ತೂಕದ ಮಂಗಳನ ಕಲ್ಲು ಸುಮಾರು 53 ಲಕ್ಷ ಡಾಲರಿಗೆ ಹೋದದ್ದು ನಿಜ. ಸಹಾರಾದಲ್ಲಿ ಹೆಕ್ಕಿದ ಸಾಮಾನ್ಯ ಉಲ್ಕಾಶಿಲೆ ಗ್ರಾಂಗೆ ಒಂದೆರಡು ಡಾಲರಿಗೂ ಸಿಗುತ್ತದೆ ಎಂಬುದೂ ಅಷ್ಟೇ ನಿಜ.

ಬೆಲೆ ಏರಿಸುವುದು ಹುಟ್ಟಿದೂರು. ಮಂಗಳನ ಕಲ್ಲೆಂದು ಗೊತ್ತಾಗುವುದಾದರೂ ಹೇಗೆ? ವೈಕಿಂಗ್ ನೌಕೆಗಳು 1976ರಲ್ಲಿ ಅಲ್ಲಿನ ಗಾಳಿಯನ್ನು ಅಳೆದಿದ್ದವು. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಉಲ್ಕಾಶಿಲೆಯೊಂದರ ಗಾಜಿನೊಳಗೆ ಸೆರೆಯಾಗಿದ್ದ ಅನಿಲ ಅದಕ್ಕೆ ತಾಳೆಯಾಯಿತು. ಚಂದ್ರನ ಕಲ್ಲಿಗೆ ಅಪೊಲೊ ಯಾತ್ರಿಗಳು ತಂದ 382 ಕಿಲೋ ಮಾದರಿಯೇ ಸಾಕ್ಷಿ. ಗ್ರಹಯಾನವಿಲ್ಲದೆ ಈ ವ್ಯಾಪಾರವೇ ಇಲ್ಲ, ಅನ್ನಿ.

ಮನೆಯಲ್ಲೇ ಮೊದಲ ಪರೀಕ್ಷೆ ಸಾಧ್ಯ. ಮೈತುಂಬ ಗುಳ್ಳೆಯ ತೂತುಗಳಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕಿಟ್ಟ. ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದಾಗ ಕೆಂಪು ಗೀರು ಬಿದ್ದರೆ ಹೆಮಟೈಟ್, ದಟ್ಟ ಕಪ್ಪಾದರೆ ಮ್ಯಾಗ್ನೆಟೈಟ್. ಜೋರು ಅಯಸ್ಕಾಂತ ಮಾತ್ರ ಮುಟ್ಟಿಸಬೇಡಿ. ಕಲ್ಲಿನೊಳಗೆ ಉಳಿದಿರಬಹುದಾದ ಪುರಾತನ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಹತ್ತಿರ ಹಿಡಿದಾಗ ದಿಕ್ಸೂಚಿಯ ಮುಳ್ಳು ಅಲುಗುವುದೇ ಎಂದು ನೋಡಿದರೆ ಸಾಕು.

ನಮ್ಮ ನೆಲಕ್ಕೂ ಉಲ್ಕೆ ಬಿದ್ದದ್ದುಂಟು: ಉಡುಪಿಯಲ್ಲಿ 1866ರಲ್ಲಿ. ದೇಶದಲ್ಲಿ ಬೀಳುವ ಉಲ್ಕಾಶಿಲೆಗಳ ಪಾಲನೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯದು. ಅದರ ಕಚೇರಿ ಪಕ್ಕದ ಕುಮಾರಸ್ವಾಮಿ ಲೇಔಟಿನಲ್ಲೇ ಇದೆ. ಅಕ್ಕಿ ಸೆಳೆಯುವ ಪವಾಡದ ವಸ್ತು ಎಂದು ನಂಬಿಸಿ ‘ರೈಸ್ ಪುಲ್ಲರ್’ ಹೆಸರಲ್ಲಿ ಪರೀಕ್ಷಾ ಶುಲ್ಕಕ್ಕೆ ಅಡ್ವಾನ್ಸ್ ಕೇಳುವವರ ಬಳಿಗಲ್ಲ, ಕಲ್ಲು ಹಿಡಿದು ಅಲ್ಲಿಗೆ ಹೋಗಿ.