ಮೊದಲು ಗೆರಟೆಯಲ್ಲಿ ಬಿತ್ತು

ಮಗಾ, ವಾರವಿಡೀ ಮಣಿಪಾಲದಲ್ಲಿ ದುಡಿದು ಭಾನುವಾರ ಅಲೆವೂರಿನ ಗದ್ದೆಗೆ ಇಳಿಯುವವನು ನೀನು. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕಿದರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ಅದು ನನಗೂ ಗೊತ್ತು. ಹಾಗಾಗಿ ಹುಲ್ಲಿನ ಮದ್ದು ಮುಟ್ಟಲೇಬೇಡ ಎನ್ನುವುದಕ್ಕೆ ನಿನ್ನನ್ನು ಕೂರಿಸಿಕೊಂಡದ್ದಲ್ಲ. ಹುಲ್ಲು ಸತ್ತ ಕೂಡಲೇ ಮದ್ದಿನ ಕೆಲಸ ಮುಗಿಯಿತೆಂದು ತಿಳಿಯಬೇಡ, ಅಷ್ಟೆ. ಹಾಗೆ ತಿಳಿದು ಒಂದು ಬೆಳೆ ಕಳೆದುಕೊಂಡವನು ನಾನು.

ನಮ್ಮ ಮಜಲು ಗದ್ದೆಯ ಕತೆ. ಮಣ್ಣು ಹುಳಿಯಾಗಿದೆ ಎಂದು ಆ ವರ್ಷ ಮರುವಾಯಿ ಚಿಪ್ಪಿನ ಸುಣ್ಣ ಧಾರಾಳವಾಗಿ ಹಾಕಿದ್ದೆ. ಸುಗ್ಗಿ ಭತ್ತದಲ್ಲಿ ಅಗಲ ಎಲೆಯ ಕಳೆ ಎದ್ದಿತು. ಅಂಗಡಿಯಿಂದ ಮೆಟ್‌ಸಲ್ಫ್ಯೂರಾನ್, ಕ್ಲೋರಿಮ್ಯೂರಾನ್ ಸೇರಿದ ಪುಡಿ ತಂದೆ. ಎಕರೆಗೆ ಬೇಕಾದದ್ದು ಬರೀ 8 ಗ್ರಾಂ. ಇಷ್ಟು ಚೂರಿನಿಂದ ಏನಾದೀತು ಎಂದು ಅರ್ಧ ಎಕರೆಗೆ ಎರಡು ಪೊಟ್ಟಣ ಸುರಿದೆ. ಕಳೆ ಹೋಯಿತು, ಭತ್ತ ಬಂತು. ಕಟಾವಾದ ಮೇಲೆ ಅದೇ ತೇವಕ್ಕೆ ಅಲಸಂಡೆ ಬಿತ್ತಿದೆ.

ಮೊಳಕೆ ಚೆನ್ನಾಗಿಯೇ ಬಂತು. ನಾಲ್ಕು ಎಲೆಯಾದಲ್ಲಿಗೆ ನಿಂತಿತು. ಎಳೆಯ ಎಲೆ ಹಳದಿ. ಬುಡದಲ್ಲಿ ಪಸೆ ಇದ್ದರೂ ಮಧ್ಯಾಹ್ನ ಜೋತು ಬೀಳುವುದು. ಯೂರಿಯಾ ಕೊಟ್ಟೆ, ರೋಗದ ಮದ್ದೂ ಹೊಡೆದೆ. ಎರಡೂ ದಂಡ. ಕೊನೆಗೆ ಒಂದು ಗಿಡ ಕಿತ್ತು ನೋಡಿದರೆ ಬೇರು ಬೆರಳಿನ ಒಂದು ಗಂಟಿನಷ್ಟು ಉದ್ದ, ಸವೆದ ಬ್ರಷ್ಷಿನ ಹಾಗೆ. ಹುಣಿಯ ಬದಿಯ ಒಂದು ಮೂಲೆಯಲ್ಲಿ ಮಾತ್ರ ಗಿಡ ಮೊಣಕಾಲಿನೆತ್ತರ ಬಂದಿತ್ತು. ಪಂಪಿನಲ್ಲಿ ಮದ್ದು ಮುಗಿದು ನಾನು ಬಿಟ್ಟುಹೋದ ಮೂಲೆ ಅದು!

ಈ ಜಾತಿಯ ಮದ್ದು ಗಿಡವನ್ನು ಸುಡುವುದಿಲ್ಲ. ಹೊಸ ಜೀವಕೋಶ ಕಟ್ಟಲು ಬೇಕಾದ ಕೆಲವು ಅಮೈನೋ ಆಮ್ಲ ತಯಾರಾಗದ ಹಾಗೆ ತಡೆಯುತ್ತದೆ. ಆದ್ದರಿಂದ ಮೊದಲು ನಿಲ್ಲುವುದು ಬೇರಿನ ತುದಿ, ಗಿಡದ ಸುಳಿ. ಬೇರು ಹೋಗದಿದ್ದರೆ ನೀರೂ ಇಲ್ಲ, ರಂಜಕವೂ ಇಲ್ಲ. ಭತ್ತ ಈ ಮದ್ದನ್ನು ತನ್ನೊಳಗೇ ಮುರಿದು ಅರಗಿಸಿಕೊಳ್ಳುತ್ತದೆ. ಅಲಸಂಡೆಯಂಥ ದ್ವಿದಳಕ್ಕೆ ಆ ತಾಕತ್ತು ಸಾಲದು. ಸಾಯದೆ ಉಳಿದ ಗಿಡವೂ ವಿಷ ಕರಗಿಸುವುದರಲ್ಲೇ ಸೊರಗುತ್ತದೆ.

ಸುಣ್ಣ ಹಾಕಿದ್ದು ತಪ್ಪಲ್ಲ ಮಾರಾಯ, ಆದರೆ ಈ ಮದ್ದು ಹುಳಿ ಮಣ್ಣಿನಲ್ಲಿ ಬೇಗ ಒಡೆಯುತ್ತದೆ, ಸುಣ್ಣ ಹೆಚ್ಚಾದಲ್ಲಿ ತಡವಾಗುತ್ತದೆ. ಮೇಲಾಗಿ ಮದ್ದು ಕರಗಿಸುವ ಸೂಕ್ಷ್ಮಜೀವಿಗಳಿಗೆ ತೇವ ಬೇಕು. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೂ ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜನವರಿಯ ಒಣ ಮಣ್ಣಿನಲ್ಲಿ ಯಾವ ಮದ್ದಿಗೂ ಅವಸರವಿಲ್ಲ.

ಹುಲ್ಲಿನ ಇನ್ನೊಂದು ಮದ್ದಾದ ಗ್ಲೈಫೋಸೇಟಿನ ದಾರಿ ಬೇರೆ. ನಮ್ಮ ಕೆಂಪು ಮುರಕಲ್ಲಿನ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿ ಹಿಡಿದುಕೊಳ್ಳುತ್ತವೆ. ರಂಜಕಕ್ಕೂ ಅಲ್ಲೇ ಜಾಗ ಬೇಕು. ಆದ ಕಾರಣ ಆಮೇಲೆ ರಂಜಕ ಗೊಬ್ಬರ ಸುರಿದರೆ ಹಿಡಿದಿಟ್ಟದ್ದು ಸ್ವಲ್ಪ ಸಡಿಲವಾಗಲೂಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಕಸುಬಿನವರೇ ಬಳಸಬೇಕೆಂದು ಆದೇಶಿಸಿದ್ದೂ ಇದೆ. 2,4-ಡಿ ಹೊಡೆದ ಪಂಪನ್ನಂತೂ ಬದನೆಯ ಹತ್ತಿರ ತರಲೇಬೇಡ; ತೊಳೆದು ಉಳಿದ ಹನಿಗೇ ಎಲೆ ಮುರುಟುತ್ತದೆ.

ಇನ್ನು ನೀನು ಮಾಡಬೇಕಾದದ್ದು. ಯಾವ ಮದ್ದು, ಎಷ್ಟು, ಯಾವತ್ತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡು. ಮುಂದಿನ ಬೆಳೆಗೆ ಎಷ್ಟು ಸಮಯ ಬಿಡಬೇಕೆಂದು ಲೇಬಲ್ಲಿನಲ್ಲಿ ಓದು. ಆಮೇಲೆ ಮದ್ದು ಹೊಡೆದ ಗದ್ದೆಯ ನಾಲ್ಕೈದು ಕಡೆ ಒಂದು ಬೆರಳುದ್ದ ಅಗೆದು, ಮಣ್ಣು ಬೆರೆಸಿ ಎರಡು ಗೆರಟೆಗೆ ತುಂಬು. ಇನ್ನೆರಡಕ್ಕೆ ಮದ್ದು ತಾಗದ ಅಂಥದೇ ಮಣ್ಣು. ಕಣ್ಣು ತೆರೆದ ಗೆರಟೆಯಾದರೆ ನೀರು ಬಸಿಯುತ್ತದೆ. ಯಾವುದನ್ನು ಬೆಳೆಯಬೇಕೆಂದಿದ್ದೀಯೋ ಅದರದೇ ಬೀಜ ಹಾಕಿ ಮೂರು ವಾರ ಕಾಯಿ. ಮೇಲಿನ ಹಸುರು ನೋಡಿ ಮೋಸ ಹೋಗಬೇಡ. ಕಿತ್ತು, ತೊಳೆದು, ಬೇರಿಗೆ ಬೇರು ಹೋಲಿಸು. ಮೋಟಾಗಿದ್ದರೆ ಗದ್ದೆಗೆ ಹಟ್ಟಿ ಗೊಬ್ಬರ ಹಾಕಿ ಉತ್ತು, ನೀರು ಹಾಯಿಸಿ ಕಾಯಿ. ಇಲ್ಲವೇ ಮತ್ತೆ ಭತ್ತವನ್ನೇ ಹಾಕು.

ನಿನ್ನ ಅಜ್ಜಿ ಬಚ್ಚಲ ಒಲೆಗೆಂದು ಕೂಡಿಹಾಕಿದ್ದರಲ್ಲಿ ನಾಲ್ಕು ಗೆರಟೆ ತೆಗೆದು ಪಂಪಿನ ಪಕ್ಕದಲ್ಲಿ ಇಟ್ಟಿದ್ದೇನೆ. ಪಂಪಿಗೆ ಕೈ ಹಾಕುವಾಗ ಅವು ಕಾಣಲಿ.