'ರೇಷ್ಮೆ'ಗೆ ಎಪ್ಪತ್ತೆರಡು ಚಿಹ್ನೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಲಾಟ್ ಯಾವತ್ತು ಎಷ್ಟಕ್ಕೆ ಹೋಯಿತೆಂದು ಬರೆದಿಡಲು ಒಂದು ಕಡತ ಮಾಡಿದ್ದೆ. ಹೆಸರು 'ರೇಷ್ಮೆ'. ಹಳೆಯ ಪ್ರತಿಗಳೂ ಉಳಿಯಲೆಂದು ಅದನ್ನು ಗಿಟ್‌ಗೆ ಸೇರಿಸಲು ಹೊರಟು, ಕಪ್ಪು ಪರದೆಯಲ್ಲಿ 'ಗಿಟ್ ಸ್ಟೇಟಸ್' ಕೊಟ್ಟೆ. ಹೆಸರಿನ ಜಾಗದಲ್ಲಿ ಬಂದದ್ದು "\340\262\260…" ಎಂಬ ಉದ್ದನೆಯ ಸಾಲು.

ಕಡತ ಕೆಟ್ಟಿತೆಂದೇ ಎದೆ ಹೊಡೆದುಕೊಂಡಿತು. ತೆರೆದರೆ ಲೆಕ್ಕವೆಲ್ಲ ಸರಿಯಾಗಿತ್ತು. ಪರದೆಯ ಮೇಲಿದ್ದ ಹೆಸರನ್ನೇ ಉದ್ಧರಣ ಚಿಹ್ನೆ ಸಮೇತ ನಕಲು ಮಾಡಿ 'ಗಿಟ್ ಆ್ಯಡ್' ಮುಂದೆ ಅಂಟಿಸಿದೆ. 'ಫೇಟಲ್' ಎಂದು ಶುರುವಾದ ಉತ್ತರ, ಆ ಹೆಸರಿಗೆ ಹೊಂದುವ ಕಡತವೇ ಇಲ್ಲ ಎಂದಿತು. ಹೆಸರು ಕೊಟ್ಟದ್ದೂ ಅದೇ ತಂತ್ರಾಂಶ, ಇಲ್ಲವೆಂದದ್ದೂ ಅದೇ. ಸಂಜೆ ಪೂರ್ತಿ ಹೆಣಗಿ, ಕೊನೆಗೆ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿದೆ. ನೋವಾದದ್ದು ಅದಕ್ಕೇ.

ಒಳಗೆ ನಡೆದದ್ದು ಇಷ್ಟು. ಯೂನಿಕೋಡ್‌ಗೆ 'ರೇಷ್ಮೆ' ಅಂದರೆ ಆರು ಸಂಕೇತ: ರ, ಏತ್ವ, ಷ, ಅರ್ಧಾಕ್ಷರದ ಗುರುತು, ಮ, ಎತ್ವ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಇಂಗ್ಲಿಷ್ ಅಕ್ಷರ, ಅಂಕಿಗಳ ಆಸ್ಕಿ ಪಟ್ಟಿಯ ಆಚೆಗಿನ ಪ್ರತಿ ಬೈಟನ್ನೂ ಗಿಟ್ ಒಂದು ಓರೆಗೆರೆ, ಮೂರು ಅಂಕಿಯಾಗಿ ತೋರಿಸುತ್ತದೆ. ಹದಿನೆಂಟು ಬೈಟ್, ಎಪ್ಪತ್ತೆರಡು ಚಿಹ್ನೆ! ಇದಕ್ಕೆ ಕಾರಣವಿಲ್ಲದೆ ಇಲ್ಲ. ಆ ಸಾಲುಗಳನ್ನು ಬೇರೆ ತಂತ್ರಾಂಶಗಳೂ ಓದುತ್ತವೆ, ಅವಕ್ಕೆ ಎಲ್ಲ ಲಿಪಿಯೂ ತಿಳಿದಿರಬೇಕೆಂದಿಲ್ಲ. ಆದರೆ ಅಂಟಿಸಿದಾಗ, ಕಪ್ಪು ಪರದೆಯಲ್ಲಿ ಆದೇಶ ಓದುವ ಶೆಲ್ ಅದನ್ನು ಮತ್ತೆ ಕನ್ನಡವಾಗಿಸುವುದಿಲ್ಲ; ಬರಿಯ ಓರೆಗೆರೆ, ಅಂಕಿ ಎಂದೇ ಮುಂದಕ್ಕೆ ದಾಟಿಸುತ್ತದೆ.

'ಕೋರ್.ಕೋಟ್‌ಪಾತ್' ಎಂಬ ಆಯ್ಕೆಯನ್ನು 'ಫಾಲ್ಸ್' ಮಾಡಿದರೆ ಹೆಸರು ಹೆಸರಾಗಿಯೇ ಕಾಣುತ್ತದೆ. ನಾನು ಕಂಡ ಎರಡೂ ಸಂದೇಶಗಳಲ್ಲಿ ಅದರ ಸುಳಿವೇ ಇರಲಿಲ್ಲ. ಇಂಗ್ಲಿಷ್ ಹೆಸರಿಟ್ಟವರಿಗೆ ಈ ತೊಡಕು ಎದುರಾಗುವುದೇ ಇಲ್ಲ.

ಮನಸ್ಸಿಟ್ಟರೆ ಸಂದೇಶಗಳನ್ನು ತಿದ್ದಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆವರಣ ಮುಚ್ಚಲು ಮರೆತರೆ, ಮೊದಲೆಲ್ಲ ಎಷ್ಟೋ ಸಲ ತಪ್ಪೇ ಇಲ್ಲದ ಮುಂದಿನ ಸಾಲಿಗೆ ಬೊಟ್ಟು ಮಾಡಿ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' ಎನ್ನುತ್ತಿತ್ತು. 2021ರಲ್ಲಿ ಬಂದ 3.10ನೇ ಆವೃತ್ತಿ, ತೆರೆದ ಆವರಣವನ್ನೇ ತೋರಿಸಿ ಇದನ್ನು ಮುಚ್ಚಿಲ್ಲ ಎನ್ನುತ್ತದೆ.

ಗೂಡಿನ ಲೆಕ್ಕಕ್ಕೆ ನಾನೇ ಬರೆದ ಪ್ರೋಗ್ರಾಮೂ 'ದೋಷ 3' ಎನ್ನುತ್ತಿತ್ತು. ದರ ತುಂಬುವವಳು ಅಮ್ಮ. ಆ ಮೂರು ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಈಗ ಅದು 'ರೇಷ್ಮೆ ಕಡತದ 14ನೇ ಸಾಲಿನಲ್ಲಿ ದರ ಬರೆದಿಲ್ಲ' ಎನ್ನುತ್ತದೆ. ಕಡತಕ್ಕೆ ಹಳೆಯ ಹೆಸರೂ ವಾಪಸ್ ಬಂದಿದೆ. ಮೊನ್ನೆ ಆ ಸಾಲು ಬಂದಾಗ ಅಮ್ಮ ನನ್ನನ್ನು ಕರೆಯಲಿಲ್ಲ. ಮಾರುಕಟ್ಟೆಯ ಚೀಟಿ ಹುಡುಕಿ ತಾನೇ ದರ ತುಂಬಿದಳು.