ತಂದೆಯಿಂದ ಬಂದ ಸ್ವರ

ತಂದೆತಾಯಿಗಳು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ ಹಲವು ಬಗೆಯದು. ಹೊಲ, ಮನೆ, ಹಣ ಇವು ಕಣ್ಣಿಗೆ ಕಾಣುವ ಆಸ್ತಿ. ಕಣ್ಣಿಗೆ ಕಾಣದೆ ಕಿವಿಯ ಮೂಲಕ ಮನಸ್ಸಿಗೆ ಇಳಿಯುವ ಆಸ್ತಿಯೂ ಒಂದುಂಟು. ಅಂಥ ಆಸ್ತಿಯನ್ನು ಪಡೆದು ಲೋಕವಿಖ್ಯಾತನಾದವನು ಇಟಲಿಯ ಗಾಯಕ ಲೂಚಾನೊ ಪವರೊಟ್ಟಿ.

ಒಪೆರಾ ಎಂಬುದು 16ನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿದ ಸಂಗೀತ ನಾಟಕ. ಅದರಲ್ಲಿ ಪಾತ್ರಧಾರಿಗಳು ತಮ್ಮ ಸುಖದುಃಖಗಳನ್ನು ಹೆಚ್ಚಾಗಿ ಹಾಡಿನ ಮೂಲಕವೇ ತೋಡಿಕೊಳ್ಳುತ್ತಾರೆ. ಧ್ವನಿವರ್ಧಕದ ನೆರವಿಲ್ಲದೆ ಗಾಯಕನ ಕಂಠವು ವಾದ್ಯವೃಂದದ ನಾದವನ್ನು ದಾಟಿ ಕೊನೆಯ ಸಾಲಿನ ಶ್ರೋತೃವನ್ನು ಮುಟ್ಟಬೇಕು. ಏರುದನಿಯ ಪುರುಷಕಂಠವನ್ನು ಅಲ್ಲಿ ‘ಟೆನರ್’ ಎಂದು ಕರೆಯುತ್ತಾರೆ.

ಲೂಚಾನೊ 1935ರ ಅಕ್ಟೋಬರ್ 12ರಂದು ಉತ್ತರ ಇಟಲಿಯ ಮೊಡೆನಾದಲ್ಲಿ ಜನಿಸಿದನು. ತಂದೆ ಫೆರ್ನಾಂಡೊ ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಕೆಲಸಗಾರ. ತಾಯಿ ಅಡೆಲೆ ಚುಟ್ಟಾ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಫೆರ್ನಾಂಡೊನದು ಸೊಗಸಾದ ಟೆನರ್ ಕಂಠ. ಆದರೆ ಸಭಾಕಂಪನದ ಕಾರಣದಿಂದ ಅವನು ಗಾಯನವನ್ನು ವೃತ್ತಿಯಾಗಿ ಹಿಡಿಯಲಿಲ್ಲ. ರಂಗವೇರದ ಆತನ ಆಸೆ ಮನೆಯಲ್ಲಿ ಧ್ವನಿಮುದ್ರಿಕೆಗಳ ರೂಪದಲ್ಲಿ ನೆಲೆಸಿತು. ಕರೂಸೊ, ಜೀಲಿ ಮೊದಲಾದ ಹಿರಿಯ ಗಾಯಕರ ಧ್ವನಿಯನ್ನು ಕೇಳುತ್ತಲೇ ಮಗ ಬೆಳೆದನು. ಒಂಬತ್ತರ ಪ್ರಾಯದ ವೇಳೆಗೆ ತಂದೆಯೊಡನೆ ಚರ್ಚಿನ ಗಾಯಕವೃಂದದಲ್ಲಿ ಹಾಡತೊಡಗಿದನು.

1955ರಲ್ಲಿ ತಂದೆ ಮಗ ಇಬ್ಬರೂ ಸದಸ್ಯರಾಗಿದ್ದ ಮೊಡೆನಾದ ಗಾಯಕವೃಂದವು ವೇಲ್ಸ್ ನಾಡಿನ ಲಾಂಗೊಲೆನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಗಳಿಸಿತು. ಹಾಡುಗಾರನಾಗಬೇಕೆಂಬ ಹಂಬಲ ಲೂಚಾನೊನ ಮನಸ್ಸಿನಲ್ಲಿ ಬಲವಾಗಿ ಬೇರೂರಿತು. ಆದರೆ ಹಂಬಲ ಹೊಟ್ಟೆ ತುಂಬಿಸುವುದೇ? ಮಗನು ಉಪಾಧ್ಯಾಯನಾಗಲೆಂಬುದು ತಾಯಿಯ ಇಚ್ಛೆ. ಈ ದಾರಿಯ ಅಪಾಯವನ್ನು ಅರಿತಿದ್ದ ತಂದೆಯೂ ಅರೆಮನಸ್ಸಿನಿಂದಲೇ ಒಪ್ಪಿದನು. ಕೊನೆಗೆ ಮನೆಯಲ್ಲಿ ಒಂದು ಒಡಂಬಡಿಕೆಯಾಯಿತು: ಮೂವತ್ತು ವರ್ಷ ತುಂಬುವವರೆಗೆ ಮಗನಿಗೆ ಅನ್ನ ಆಶ್ರಯಗಳನ್ನು ಕೊಡುವುದು, ಅಷ್ಟರಲ್ಲಿ ಯಶಸ್ಸು ದೊರೆಯದಿದ್ದರೆ ಅವನು ಬೇರೆ ಜೀವನೋಪಾಯ ಹುಡುಕಿಕೊಳ್ಳಬೇಕು.

ಅರಿಗೊ ಪೋಲ ಎಂಬ ಗಾಯಕನು ಶುಲ್ಕ ಪಡೆಯದೆ ಆತನಿಗೆ ವಿದ್ಯೆ ಹೇಳಿಕೊಟ್ಟನು. ಲೂಚಾನೊ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದನು, ವಿಮೆಯ ಮಾರಾಟವನ್ನೂ ಮಾಡಿದನು. ಸಾಧನೆಯನ್ನು ಮಾತ್ರ ಬಿಡಲಿಲ್ಲ. 1961ರ ಏಪ್ರಿಲ್ 29ರಂದು ರೆಜ್ಜೊ ಎಮಿಲಿಯ ನಗರದಲ್ಲಿ, ಪುಚ್ಚೀನಿಯ ‘ಲಾ ಬೋಹೆಮ್’ ಒಪೆರಾದ ನಾಯಕನಾಗಿ ಮೊದಲ ಬಾರಿಗೆ ರಂಗವೇರಿದನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಒಡಂಬಡಿಕೆಯ ಗಡುವಿಗೆ ಇನ್ನೂ ಕಾಲವಿತ್ತು. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ, ಟೆನರ್ ಗಾಯಕರಿಗೆ ಅತಿ ಕಷ್ಟಕರವಾದ ಏರುಸ್ವರವನ್ನು ಒಂದೇ ಗೀತದಲ್ಲಿ 9 ಸಲ ನಿರಾಯಾಸವಾಗಿ ಹಾಡಿ ಶ್ರೋತೃಗಳನ್ನು ಬೆರಗುಗೊಳಿಸಿದನು.

ಕೀರ್ತಿ ಬಂದ ಮೇಲೂ ಆತ ತಂದೆಯನ್ನು ಮರೆಯಲಿಲ್ಲ. 1978ರಲ್ಲಿ ಇಬ್ಬರೂ ಕೂಡಿ ‘ಪಾನಿಸ್ ಆಂಜೆಲಿಕುಸ್’ ಎಂಬ ಭಕ್ತಿಗೀತೆಯನ್ನು ಹಾಡಿದರು. ಫೆರ್ನಾಂಡೊ 2002ರಲ್ಲಿ ತೀರಿಕೊಂಡನು. 2007ರ ಸೆಪ್ಟೆಂಬರ್ 6ರಂದು ಮಗನೂ ಅಗಲಿದನು. ಮೊಡೆನಾದ ಮಹಾದೇವಾಲಯದಲ್ಲಿ ನಡೆದ ಅಂತ್ಯವಿಧಿಯಲ್ಲಿ ಆ ಹಳೆಯ ಧ್ವನಿಮುದ್ರಣವನ್ನು ಕೇಳಿಸಿದರು. ಸಭೆಗೆ ಅಂಜಿ ಹಿಂದೆ ಸರಿದಿದ್ದ ತಂದೆಯ ಸ್ವರವು ಮಗನ ಸ್ವರದೊಡನೆ ಬೆರೆತು ಆ ಮಹಾಸಭೆಯನ್ನು ತುಂಬಿತು. ನೆರೆದವರು ಎದ್ದುನಿಂತು ಕರತಾಡನ ಮಾಡಿದರು.